ಬಾಬಿನ್ ಮಲಗಿರುವ ತನಕ

ಮನೆ ಬದಲಾಯಿಸುವಾಗ ಹೊಲಿಗೆ ಮೆಷಿನ್ನಿಗೆ ಹೊದಿಸಿದ್ದ ಹಳೆಯ ಬೆಡ್‌ಶೀಟನ್ನು ಹೊಸ ಮನೆಗೆ ಬಂದ ಮೇಲೂ ಯಾರೂ ತೆಗೆಯಲಿಲ್ಲ. ಎಲ್ಲ ರಾದ್ಧಾಂತಕ್ಕೂ ಅದೇ ಮೂಲ. ಆದರೆ ಅದು ವರ್ನಿಯರ್ ಮೇಷ್ಟ್ರಿಗೆ ಹೊಳೆದದ್ದು ಬಹಳ ತಡವಾಗಿ, ಅದೂ ಕೊಸರಿಕೊಂಡ ನಾಯಿಯನ್ನು ಹಿಡಿಯಲು ಹೋಗಿ ಮೊಣಕೈ ಬಡಿಸಿಕೊಂಡಾಗ.

ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಕೊಳವೆಯ ಒಳಗಲ, ಗೋಲಿಯ ಅಗಲ ಅಳೆಯುವುದನ್ನು ಹುಡುಗರಿಗೆ ಕಲಿಸುವುದು ಮೇಷ್ಟ್ರ ಕೆಲಸ. ವರ್ನಿಯರ್ ಎನ್ನುವ ಆ ಉಪಕರಣದ ಹೆಸರನ್ನೇ ಹುಡುಗರು ಅವರಿಗೆ ಅಂಟಿಸಿದ್ದರು. ಹೆಸರು ಕಾಲೇಜಿನಿಂದ ಅವರ ಜೊತೆಗೇ ಬಸ್ಸು ಹತ್ತಿ ಬೀದಿಗೂ ಬಂದು ಇಳಿದಿತ್ತು. ಟೀಗೆ ಸಕ್ಕರೆ ಹಾಕುವಾಗಲೂ ಚಮಚದ ತಲೆಯನ್ನು ಬೆರಳಿನಿಂದ ಸಮ ಮಾಡಿಕೊಂಡೇ ಹಾಕುವ ಮನುಷ್ಯ. ಯಾವುದಾದರೂ ಕೆಲಸಕ್ಕೆ ಕೈ ಹಾಕಿದರೆ, ಅದು ಮುಗಿಯಬೇಕು ಇಲ್ಲವೇ ತಾವು ಮುಗಿಯಬೇಕು ಎನ್ನುವ ಹಟ ಬೇರೆ.

ಇವತ್ತಿನ ಕೆಲಸ ನಾಯಿಯನ್ನು ಉಳಿಸಿಕೊಳ್ಳುವುದು.

ನಾಯಿಯ ಹೆಸರು ಬಾಬಿನ್. ಮರಿಯಾಗಿದ್ದಾಗ ಮೇಷ್ಟ್ರ ಹೆಂಡತಿಯ ಹೊಲಿಗೆ ಡಬ್ಬಿಯಿಂದ ದಾರ ಸುತ್ತಿದ ಬಾಬಿನ್ ಒಂದನ್ನು ನುಂಗಿ, ಮಾರನೆಯ ದಿನ ಅದನ್ನು ದಾರದ ಸಮೇತ ವಾಪಸು ಕೊಟ್ಟಿದ್ದರಿಂದ ಆ ಹೆಸರು ಬಂತು. ಕಂದು ಬಣ್ಣ, ಮಡಚಿದ ಕಿವಿ, ಸಾಲ ಕೇಳಲು ಬಂದವರಂಥ ಮುಖ. ಹಳೆಯ ಮನೆಯಲ್ಲಿ ಅವನು ಇದ್ದಾನೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಹೊಸ ಮನೆಗೆ ಬಂದಿದ್ದೇ ತಡ, ಕೂಗಲು ಶುರು ಮಾಡಿದ. ಬೊಗಳುವುದಲ್ಲ, ಕೂಗು. ಕಾರ್ಖಾನೆಯ ಸೈರನ್ನಿನಂತೆ ಹೊಟ್ಟೆಯಿಂದ ಎದ್ದು, ಮೂತಿಯ ತುದಿಯಲ್ಲಿ ನಿಂತು, ಉಸಿರು ಮುಗಿದರೂ ಮುಗಿಯದೆ ಬೀದಿಯ ಆ ತುದಿಯವರೆಗೆ ಹೋಗಿ ಬರುತ್ತಿತ್ತು.

ಕೆಳಗಿನ ಮನೆಯಲ್ಲೇ ಇದ್ದ ಓನರಮ್ಮ ನಿನ್ನೆ ಸಂಜೆ ಮೆಟ್ಟಿಲು ಹತ್ತಿ ಬಂದು ಖಡಾಖಂಡಿತ ಹೇಳಿದ್ದರು.

"ನೋಡಿ ಮೇಷ್ಟ್ರೇ, ನನಗೂ ವಯಸ್ಸಾಯ್ತು. ನಿಮ್ಮ ನಾಯಿ ಕೂಗಿದಾಗಲೆಲ್ಲ ನನ್ನ ಎದೆ ಬಾಯಿಗೆ ಬರುತ್ತೆ. ನಾಳೆ ಒಂದು ದಿನ ನೋಡ್ತೀನಿ. ಸಂಜೆ ದೀಪ ಹಾಕೋ ಹೊತ್ತಿಗೆ ಮೇಲೆ ಬರ್ತೀನಿ. ಅಷ್ಟರೊಳಗೆ ಅದು ಒಂದೇ ಒಂದು ಸಲ ಬಾಯಿ ತೆಗೀತು ಅಂದ್ರೆ, ಆಮೇಲೆ ಅದು ಈ ಮನೇಲಿ ಇರಕೂಡದು."

"ಇಲ್ಲಮ್ಮಾ, ಒಂದು ಸಲವೂ ಕೂಗಲ್ಲ," ಎಂದು ಮೇಷ್ಟ್ರು ಮಾತು ಕೊಟ್ಟರು. ಒಂಟಿಯಾಗಿರುವುದಕ್ಕೇ ನಾಯಿ ಕೂಗುತ್ತದೆ ಎಂದು ಅವರ ಊಹೆ. ಅದಕ್ಕೇ ಕಾಲೇಜಿಗೆ ರಜೆ ಹಾಕಿದರು.

ಬೆಳಿಗ್ಗೆ ಹೆಂಡತಿ ಕೆಲಸಕ್ಕೆ ಹೊರಟಾಗ ಬಾಗಿಲಲ್ಲಿ ನಿಂತು, "ರೀ, ಅವನು ಹೋಗಬೇಕಾಗಿ ಬಂದ್ರೆ ನನಗೆ ಫೋನ್ ಮಾಡ್ಬೇಡಿ. ಫ್ಯಾಕ್ಟರೀಲಿ ಅಷ್ಟು ಜನರ ಮುಂದೆ ನಾನು ಅಳೋಕಾಗಲ್ಲ," ಎಂದಳು. ಮೇಷ್ಟ್ರು "ಹೋಗೋ ಮಾತೇ ಇಲ್ಲ," ಎಂದರು. ಹೆಂಡತಿಯ ಸಂಕಟವನ್ನು ಅವರು ಬಲ್ಲರು. ತಮ್ಮದನ್ನು ಯಾರಿಗೂ ಹೇಳಿರಲಿಲ್ಲ. ಸಂಜೆ ಅವರು ಮನೆಗೆ ಬಂದಾಗ ಮಲಗಿದ ಜಾಗದಿಂದ ಎದ್ದು ಬಾಗಿಲಿಗೆ ಬರುವ ಪ್ರಾಣಿ ಆ ಮನೆಯಲ್ಲಿ ಅದೊಂದೇ.

ಹೆಂಡತಿಯ ಚಪ್ಪಲಿಯ ಸದ್ದು ಮೆಟ್ಟಿಲಲ್ಲಿ ಅಡಗಿದ ಕೂಡಲೇ ಬಾಬಿನ್ ನಡುಮನೆಯ ಮಧ್ಯಕ್ಕೆ ಬಂದು ಕೂತು, ಕತ್ತು ಚಾಚಿ, ಗಂಟಲು ಸರಿಮಾಡಿಕೊಂಡ.

"ನಾನಿದೀನಲ್ಲೋ!" ಎಂದರು ಮೇಷ್ಟ್ರು.

ಅದರಿಂದ ಬಾಬಿನ್‌ಗೆ ಏನೂ ಅನ್ನಿಸಿದಂತೆ ಕಾಣಲಿಲ್ಲ. ಮೊದಲ ಊಹೆ ಅಲ್ಲಿಗೆ ಬಿದ್ದುಹೋಯಿತು. ಮೇಷ್ಟ್ರು ಹಾರಿ ಹೋಗಿ ಮೂತಿ ಅದುಮಿದರು.

ಮೂತಿ ಬಿಟ್ಟು ಬಿಸ್ಕತ್ತು ಕೊಟ್ಟರು. ಬಾಬಿನ್ ತಿಂದು, ತುಟಿ ಒರೆಸಿಕೊಂಡು, ಎಲ್ಲಿಗೆ ನಿಲ್ಲಿಸಿದ್ದನೋ ಅಲ್ಲಿಂದಲೇ ಮುಂದುವರಿಸಲು ಸಿದ್ಧನಾದ. ಚೆಂಡು ಎಸೆದರು. ಅವನು ಚೆಂಡನ್ನು ತಂದು ಅವರ ಷೂ ಒಳಗೆ ಹಾಕಿ ಬಂದು ಕೂತ. ರೇಡಿಯೋ ಹಾಕಿದರು. ಹಾಡಿನವಳಿಗೆ ಜೊತೆ ಕೊಡುವವನ ಹಾಗೆ ಬಾಯಿ ತೆರೆದ. ಮೇಷ್ಟ್ರು ರೇಡಿಯೋ ಆರಿಸಿ ಮತ್ತೆ ಮೂತಿ ಹಿಡಿದರು. ಹೀಗೇ ಸಂಜೆಯವರೆಗೆ ಹಿಡಿದು ಕೂರುವುದಾದರೂ ಸರಿ ಎಂದು ನಿಶ್ಚಯ ಮಾಡುವಷ್ಟರಲ್ಲಿ ಅವರ ಮೂಗಿನ ಮೇಲೆ ನೊಣ ಕೂತಿತು. ಓಡಿಸಲು ಕೈ ಎತ್ತಿದರು. ಬಾಬಿನ್ ಕೊಸರಿಕೊಂಡು ಹಾರಿದ. ಅವನನ್ನು ಹಿಡಿಯಲು ಹೋದ ಮೇಷ್ಟ್ರ ಮೊಣಕೈ ಬೆಡ್‌ಶೀಟ್ ಹೊದ್ದ ಮೆಷಿನ್ನಿನ ಚಕ್ರಕ್ಕೆ ಬಡಿಯಿತು.

ಚಕ್ರ ಎರಡು ಸುತ್ತು ತಿರುಗಿ ಟಕಟಕ ಎಂದಿತು.

ಬಾಬಿನ್ ಬಾಯಿ ಮುಚ್ಚಿದ. ಮೆಷಿನ್ನಿನ ಕಬ್ಬಿಣದ ಕಾಲನ್ನು ಮೂಸಿದ. ಅದರ ಬುಡದಲ್ಲಿ ಸುರುಳಿ ಸುತ್ತಿಕೊಂಡು, ಗದ್ದವನ್ನು ನೆಲಕ್ಕೆ ಒತ್ತಿ, ಇನ್ನೇಕೆ ತಡ ಎನ್ನುವಂತೆ ಮೇಷ್ಟ್ರನ್ನು ನೋಡಿದ.

ಆಗ ಎಲ್ಲವೂ ಹೊಳೆಯಿತು. ಹಳೆಯ ಮನೆಯಲ್ಲಿ ಹೆಂಡತಿ ದಿನವಿಡೀ ಹೊಲಿಯುತ್ತಿದ್ದಳು. ನಾಯಿ ಹುಟ್ಟಿದಾಗಿನಿಂದ ಮಲಗಿದ್ದೇ ಆ ಮೆಷಿನ್ನಿನ ಕೆಳಗೆ. ಇಲ್ಲಿಗೆ ಬಂದ ಮೇಲೆ ಅವಳು ಶರ್ಟ್ ಫ್ಯಾಕ್ಟರಿ ಸೇರಿದಳು. ಮೆಷಿನ್ ಮೂಲೆ ಸೇರಿತು.

ಮೇಷ್ಟ್ರು ಅಲ್ಲಿಗೇ ಹಿಗ್ಗಿ ಕುಣಿಯುವ ಜಾತಿಯಲ್ಲ. ಬೆಡ್‌ಶೀಟ್ ಸರಿಸಿ, ಸ್ಟೂಲ್ ಮೇಲೆ ಕೂತು ಪೆಡಲ್ ತುಳಿದು, ಮೆಷಿನ್ನಿನ ಸದ್ದನ್ನು ಮೊಬೈಲಿಗೆ ತುಂಬಿಕೊಂಡು, ಅದನ್ನು ಬಾಬಿನ್ ಪಕ್ಕದಲ್ಲಿ ಇಟ್ಟು ನೋಡಿದರು. ಬಾಬಿನ್ ಮೊಬೈಲನ್ನು ಬಾಯಲ್ಲಿ ಕಚ್ಚಿಕೊಂಡು ಹೋಗಿ ಬಚ್ಚಲ ಬಕೆಟ್ಟಿನ ಹಿಂದೆ ಬಿಟ್ಟು ಬಂದ. ಸದ್ದೊಂದೇ ಸಾಲದು, ನೆಲ ನಡುಗಬೇಕು. ಬಟ್ಟೆಯಿಲ್ಲದೆ ಬರೀ ಮೆಷಿನ್ ಓಡಿಸಿದರು. ಬಾಬಿನ್ ಒಂದು ಕಣ್ಣು ತೆರೆದು, ನನಗೇ ಮೋಸವೇ ಎನ್ನುವಂತೆ ಕತ್ತು ಎತ್ತತೊಡಗಿದ. ಬಟ್ಟೆ ಇಟ್ಟು ಓಡಿಸಿದರು. ಕಣ್ಣು ಮುಚ್ಚಿತು. ಇನ್ನು ಸಂಶಯವಿಲ್ಲ.

ಸಂಜೆಯವರೆಗೆ ಹೊಲಿಯಬೇಕು, ಅಷ್ಟೇ. ಹೊಲಿಗೆ ಬರುವುದಿಲ್ಲ ಎನ್ನುವುದು ಸಣ್ಣ ವಿಷಯ.

ಬಕೆಟ್ಟಿನ ಹಿಂದಿನಿಂದ ಒಂದೇ ಓಟದಲ್ಲಿ ಮೊಬೈಲ್ ತಂದು ಹೆಂಡತಿಗೆ ಫೋನ್ ಮಾಡಿದರು. ಒಂದು ಕಾಲು ಪೆಡಲಿನ ಮೇಲೆಯೇ ಇತ್ತು.

"ಅಯ್ಯೋ, ಫೋನ್ ಮಾಡ್ಬೇಡಿ ಅಂದಿದ್ನಲ್ರೀ! ಹೋಗೇಬಿಟ್ನಾ?"

"ಮಲಗಿದಾನೆ. ಬಾಬಿನ್ ಕೇಸ್ ಯಾವ ಕಡೆಯಿಂದ ಹಾಕ್ಬೇಕು, ಹೇಳು."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳ ದನಿ ಬದಲಾಯಿತು. "ರೀ, ನಾಯಿ ಉಳೀಬೇಕು, ಸರಿ. ಆದ್ರೆ ನನ್ನ ಮೆಷಿನ್ನಿಗೆ ಏನಾದ್ರೂ ಆದ್ರೆ ನೀವು ಉಳಿಯಲ್ಲ."

ಹಳೆಯ ಟವೆಲುಗಳಿಗೆ ಅಂಚು ಹೊಲಿದರು. ಒರೆಸುವ ಬಟ್ಟೆಗಳನ್ನು ಒಂದಕ್ಕೊಂದು ಜೋಡಿಸಿದರು. ಕಾಲಿನ ಲಯ ತಪ್ಪಿದರೆ ಚಕ್ರ ಹಿಂದಕ್ಕೆ ತಿರುಗುತ್ತಿತ್ತು, ದಾರ ಹರಿಯುತ್ತಿತ್ತು, ಬಾಬಿನ್ ಕಿವಿ ಎತ್ತುತ್ತಿದ್ದ. ಒಂದು ಕೈಯಲ್ಲಿ ಚಕ್ರ ಆಡಿಸುತ್ತಾ ಇನ್ನೊಂದು ಕೈಯಲ್ಲಿ ದಾರದ ತುದಿಯನ್ನು ನಾಲಿಗೆಗೆ ತಾಕಿಸಿ ಸೂಜಿಯ ಕಣ್ಣಿಗೆ ತೂರಿಸುವುದನ್ನು ಅವರು ಬೇಗನೆ ಕಲಿತರು. ಬಟ್ಟೆ ಮಾತ್ರ ಮುಗಿಯುತ್ತಾ ಬಂತು. ಕಿಟಕಿಯ ಪರದೆಯ ಮೇಲೆ ಕಣ್ಣು ಹೋಗುವ ಹೊತ್ತಿಗೆ ಬಾಗಿಲಲ್ಲಿ ಪಕ್ಕದ ಮನೆಯ ದೊಡ್ಡಮ್ಮ ಪ್ರತ್ಯಕ್ಷವಾದರು. ಆ ಬೀದಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಮೊದಲು ಗೊತ್ತಾಗುವುದು ಅವರಿಗೆ.

"ಏನಪ್ಪಾ ವರ್ನಿಯರ್, ಟಕಟಕ ಕೇಳಿಸ್ತು! ನೀನೇ ಹೊಲೀತಿದೀಯಾ?"

"ಹೂಂ ದೊಡ್ಡಮ್ಮಾ. ಸುಮ್ನೆ."

"ಸುಮ್ನೆ ಯಾಕಪ್ಪಾ ಹೊಲೀತೀಯ? ನನ್ನ ಹತ್ರ ದಿಂಬಿನ ಬಟ್ಟೆ ಇದೆ. ಕವರ್ ಹೊಲಿದುಕೊಡು. ನಿನ್ನ ಕೈ ಅಳತೇಲಿ ನಂಬಿಕೆ ಇದೆ ನಂಗೆ."

ಬೇರೆ ದಿನವಾಗಿದ್ದರೆ ಮೇಷ್ಟ್ರು ನಯವಾಗಿ ಜಾರಿಕೊಳ್ಳುತ್ತಿದ್ದರು. ಇವತ್ತು ಮುಳುಗುವವನಿಗೆ ಹಗ್ಗ ಎಸೆದಂತಾಯಿತು. "ಎಷ್ಟಿದ್ರೂ ತನ್ನಿ ದೊಡ್ಡಮ್ಮಾ!" ಎಂದರು.

ಆ ಮಾತನ್ನು ದೊಡ್ಡಮ್ಮ ತಮ್ಮ ಹತ್ತಿರವೇ ಇಟ್ಟುಕೊಳ್ಳುವ ಹೆಂಗಸಲ್ಲ. ಸ್ವಲ್ಪ ಹೊತ್ತಿಗೆ ಎದುರು ಮನೆಯ ಇನ್ಶೂರೆನ್ಸ್ ಬಂದ. ಅವನ ಕಸುಬೂ ಅದೇ, ಬೀದಿ ಕರೆಯುವುದೂ ಹಾಗೇ. ಕಂಕುಳಲ್ಲಿ ಒಂದು ಹೊಸ ಪ್ಯಾಂಟು, ಕಾಲ ಬಳಿ ಅವನ ಬಿಳಿ ಪುಟಾಣಿ ನಾಯಿ ಹತ್ತಿಯುಂಡೆ.

"ಸಾರ್, ಉದ್ದ ಜಾಸ್ತಿಯಾಗಿದೆ. ಸಂಜೆ ದೊಡ್ಡ ಪಾರ್ಟಿ ಒಬ್ರು ಮನೆಗೆ ಬರ್ತಾರೆ. ಕೆಳಗೆ ಸ್ವಲ್ಪ ಮಡಚಿ ಹೊಲಿದುಬಿಡಿ. ಹಾಗೇ ನಿಮ್ಮ ಪಾಲಿಸಿ ವಿಷಯ..."

"ಪ್ಯಾಂಟ್ ಇಟ್ಟು ಹೋಗಪ್ಪಾ."

ಇನ್ಶೂರೆನ್ಸ್ ಪ್ಯಾಂಟು ಇಟ್ಟು ಹೋದ. ಹತ್ತಿಯುಂಡೆ ಹೋಗಲಿಲ್ಲ. ಮೆಷಿನ್ನಿನ ತಲೆಯ ಮೇಲೆ ಕುಣಿಯುತ್ತಿದ್ದ ದಾರದ ರೀಲನ್ನು ನೋಡುತ್ತಾ ನಿಂತಿತು. ಮೇಷ್ಟ್ರು ಪ್ಯಾಂಟಿನ ಕಾಲು ಅಳೆಯಲು ಬಗ್ಗಿದರು. ಹತ್ತಿಯುಂಡೆ ಸ್ಟೂಲು, ಮೇಷ್ಟ್ರ ತೊಡೆ, ಬೆನ್ನು ಎಂದು ಮೆಟ್ಟಿಲು ಹತ್ತಿದ ಹಾಗೆ ಹತ್ತಿ, ರೀಲನ್ನು ಕಿತ್ತುಕೊಂಡು ಓಟ ಕಿತ್ತಿತು. ದಾರದ ಒಂದು ತುದಿ ಇನ್ನೂ ಸೂಜಿಯಲ್ಲಿತ್ತು. ಹತ್ತಿಯುಂಡೆ ಮೇಜಿನ ಕಾಲು ಸುತ್ತಿತು, ಕುರ್ಚಿಯ ಕಾಲು ಸುತ್ತಿತು, ಅಡುಗೆಮನೆಯಲ್ಲಿ ಸಿಲಿಂಡರಿಗೆ ಪ್ರದಕ್ಷಿಣೆ ಹಾಕಿತು. ಬಾಬಿನ್ ತಲೆ ಎತ್ತಿದ. ಮೇಷ್ಟ್ರಿಗೆ ಎದ್ದು ಓಡುವ ಹಾಗಿಲ್ಲ, ಕಾಲು ನಿಲ್ಲಿಸುವ ಹಾಗಿಲ್ಲ. ಹಲ್ಲು ಕಚ್ಚಿ ತುಳಿದರು. ಮೆಷಿನ್ ಇಡೀ ಮನೆ ಸುತ್ತಿಬಂದ ದಾರವನ್ನು ಎಳೆಎಳೆಯಾಗಿ ವಾಪಸು ಎಳೆದುಕೊಂಡು ಹೊಲಿಯುತ್ತಾ ಹೋಯಿತು. ಕೊನೆಗೆ ದಾರ ಬಿಗಿದು, ರೀಲು ಕಚ್ಚಿಕೊಂಡಿದ್ದ ಹತ್ತಿಯುಂಡೆ ಅಡುಗೆಮನೆಯಿಂದ ಹಿಮ್ಮುಖವಾಗಿ ಜಾರುತ್ತಾ ಬಂದು ಮೇಷ್ಟ್ರ ಕಾಲಿಗೆ ಡಿಕ್ಕಿ ಹೊಡೆಯಿತು. ರೀಲು ಬಿಟ್ಟುಕೊಟ್ಟು, ಅವಮಾನವಾದವರಂತೆ ತಲೆ ತಗ್ಗಿಸಿಕೊಂಡು ಮನೆಗೆ ಹೋಯಿತು.

ಬಾಬಿನ್ ಮತ್ತೆ ಮಲಗಿದ. ಮೇಷ್ಟ್ರು ಗೆದ್ದರು.

ಗೆದ್ದರು ನಿಜ, ಆದರೆ ಒಂದು ತೊಡಕು ಅವರ ಗಮನಕ್ಕೆ ಬಂದಿರಲಿಲ್ಲ. ದಿಂಬಿನ ಕವರಿಗೆ ಮೂರು ಬದಿ ಹೊಲಿದರೆ ಸಾಕು. ಮೂರನೆಯ ಬದಿ ಮುಗಿದಾಗ ಮುಂದಿನ ಬಟ್ಟೆ ಕೈಗೆ ಎಟುಕದಿದ್ದರೆ? ಮೆಷಿನ್ ನಿಲ್ಲಬಾರದು. ಹಾಗಾಗಿ ಅವರು ನಾಲ್ಕನೆಯ ಬದಿಯನ್ನೂ ಹೊಲಿದರು. ಅಂಚಿನಿಂದ ಹೊಲಿಗೆಯ ಅಂತರ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಇನ್ಶೂರೆನ್ಸ್‌ನ ಪ್ಯಾಂಟಿನ ಅಂಚು ಮಡಚಿ ಹೊಲಿದಾಯಿತು. ಕೈಗೆ ಬೇರೆ ಬಟ್ಟೆ ಬರುವ ತನಕ ಅದೇ ಅಂಚಿನ ಮೇಲೆ ಇನ್ನೊಂದು ಸುತ್ತು, ಆಮೇಲೆ ಕಾಲಿನ ಈ ಕೊನೆಯಿಂದ ಆ ಕೊನೆಗೆ ಅಡ್ಡಕ್ಕೊಂದು, ಆಮೇಲೆ ಜೇಬುಗಳ ಮೇಲೊಂದು. ಕೆಲಸ ಅಚ್ಚುಕಟ್ಟಾಗಿತ್ತು. ಇಸ್ತ್ರಿ ಹಾಕಿದಂತೆ ಮಡಚಿ ಇಟ್ಟಾಗ ಯಾವ ದರ್ಜಿಯೂ ತಪ್ಪು ಹೇಳುವಂತಿರಲಿಲ್ಲ. ದೊಡ್ಡಮ್ಮ ಬಂದು, ಬಿಚ್ಚಿ ನೋಡದೆ, "ಎಷ್ಟು ನೀಟಪ್ಪಾ!" ಎನ್ನುತ್ತಾ ತಮ್ಮ ಕವರುಗಳ ಜೊತೆ ಇನ್ಶೂರೆನ್ಸ್‌ನ ಪ್ಯಾಂಟನ್ನೂ ಕೊಟ್ಟುಬಿಡುತ್ತೇನೆ ಎಂದು ಎತ್ತಿಕೊಂಡು ಹೋದರು.

ಮಧ್ಯಾಹ್ನ ಮೇಷ್ಟ್ರು ಎಡಗೈಯಲ್ಲಿ ಬ್ರೆಡ್ಡು ತಿನ್ನುತ್ತಾ ಬಲಗೈಯಲ್ಲಿ ಪರದೆ ಹೊಲಿದರು. ಆಮೇಲೆ ಮೇಜಿನ ಹೊದಿಕೆ. ಆಮೇಲೆ ಎರಡು ಬೆಡ್‌ಶೀಟು ಸೇರಿಸಿ ಒಂದು ಚೀಲ. ಮೊಣಕಾಲು ಎಣ್ಣೆ ಕಾಣದ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು. ಬೆನ್ನು ಯಾರದೋ ಬೆನ್ನಾಗಿತ್ತು. ಹೊರಗೆ ಬಿಸಿಲು ಇಳಿಯಿತು. ಬಾಬಿನ್ ಗೊರಕೆ ಹೊಡೆಯುತ್ತಿದ್ದ. ಇನ್ನು ಸ್ವಲ್ಪವೇ ಹೊತ್ತು ಎನ್ನುವಾಗ ಬಟ್ಟೆ ಸಂಪೂರ್ಣ ಮುಗಿಯಿತು. ಸುತ್ತ ನೋಡಿದರು. ಕೈಗೆಟುಕುವಲ್ಲಿ ಇದ್ದದ್ದು ಮೈಮೇಲಿನ ಶರ್ಟು ಒಂದೇ. ಬಿಚ್ಚುವುದಕ್ಕೆ ಪುರುಸೊತ್ತೆಲ್ಲಿ? ಎಡ ತೋಳಿನ ತುದಿಯನ್ನು ಸೂಜಿಯ ಕೆಳಗೆ ಇಟ್ಟರು. ತೋಳಿನ ಜೊತೆ ಅದರಲ್ಲಿದ್ದ ಕೈಯೂ ಇದೆ ಎನ್ನುವುದನ್ನು ಮರೆಯದೆ, ಬಹಳ ಎಚ್ಚರದಿಂದ ಹೊಲಿಯತೊಡಗಿದರು. ಕೈಗೆ ಏನೂ ಆಗಲಿಲ್ಲ. ಶರ್ಟಿನ ತೋಳು ಮಾತ್ರ ಸೂಜಿಯ ಕೆಳಗಿನ ಕಬ್ಬಿಣದ ಹಲ್ಲುಗಳ ಸಂದಿಗೆ ಸಿಕ್ಕಿ, ದಾರ ಗಂಟುಗಂಟಾಗಿ ಸುತ್ತಿಕೊಂಡು, ಮೆಷಿನ್ನಿಗೆ ಭದ್ರವಾಗಿ ಕಚ್ಚಿಕೊಂಡಿತು. ಆದರೂ ಚಕ್ರ ತಿರುಗುತ್ತಿತ್ತು. ಅಷ್ಟು ಸಾಕು.

ಅದೇ ಹೊತ್ತಿಗೆ ಮೆಟ್ಟಿಲಲ್ಲಿ ಸದ್ದಾಯಿತು. ಬಂದದ್ದು ಓನರಮ್ಮ ಅಲ್ಲ. ಇನ್ಶೂರೆನ್ಸ್, ಹಿಂದೆ ದೊಡ್ಡಮ್ಮ.

"ಏನ್ ಸಾರ್ ಇದು!" ಇನ್ಶೂರೆನ್ಸ್ ಪ್ಯಾಂಟನ್ನು ಬಾವುಟದಂತೆ ಬೀಸಿದ. "ಪಾರ್ಟಿ ಮನೆ ಬಾಗಿಲಿಗೆ ಬಂದು ಕೂತಿದಾರೆ, ನಾನು ರೂಮಲ್ಲಿ ಒಂದೇ ಕಾಲಲ್ಲಿ ಕುಪ್ಪಳಿಸ್ತಾ ಇದೀನಿ! ಕಾಲು ಹೋಗುತ್ತೆ, ಆಚೆ ಬರೋದೇ ಇಲ್ಲ! ಬಿದ್ದ ಶಬ್ದಕ್ಕೆ ಅವರು ಎದ್ದು ಹೋದ್ರು!"

"ನನ್ನ ದಿಂಬು ಯಾವ ಕಡೆಯಿಂದ ತೂರಿಸ್ಲಪ್ಪಾ?" ಎಂದರು ದೊಡ್ಡಮ್ಮ. "ತಿರುಗಿಸಿ ತಿರುಗಿಸಿ ನೋಡಿದೆ. ಬಾಯೇ ಇಲ್ಲ!"

"ಎಲ್ಲ ಬಿಚ್ಚಿಕೊಡ್ತೀನಿ, ನಾಳೆ. ಸ್ವಲ್ಪ ಮೆಲ್ಲಗೆ ಮಾತಾಡಿ, ನಾಯಿ ಎದ್ದೀತು," ಎಂದರು ಮೇಷ್ಟ್ರು, ತುಳಿಯುತ್ತಲೇ.

ಅವರಿಬ್ಬರ ಹಿಂದೆ, ಬಾಗಿಲಿಗೆ ಕೈಯೂರಿ, ಓನರಮ್ಮ ಬಂದು ನಿಂತಿದ್ದರು.

ಮೇಷ್ಟ್ರು ಎದ್ದು ನಿಲ್ಲಲು ಹೋದರು. ತೋಳು ಬಿಡಲಿಲ್ಲ. ಅರ್ಧ ಎದ್ದು, ಅರ್ಧ ಕೂತು, ಕಾಲು ಆಡಿಸುತ್ತಾ ಕುತ್ತಿಗೆ ಬಗ್ಗಿಸಿ ನಮಸ್ಕಾರ ಹೇಳಿದರು. ಓನರಮ್ಮ ಅವರನ್ನು ನೋಡಲೇ ಇಲ್ಲ. ಮಲಗಿದ್ದ ನಾಯಿಯನ್ನು ನೋಡಿದರು.

"ಬೆಳಿಗ್ಗೆಯಿಂದ ಕಿವಿ ಕೊಟ್ಟು ಕೂತಿದ್ದೆ. ಒಂದು ಸಲವೂ ಕೂಗಲಿಲ್ಲ. ನನ್ನ ಮಾತು ಮಾತೇ. ನಾಯಿ ಇಲ್ಲೇ ಇರಲಿ. ಪಾಪ, ಎಂಥ ಸಾಧು ಪ್ರಾಣಿ! ನಾನೇ ತಪ್ಪು ತಿಳ್ಕೊಂಡಿದ್ದೆ."

ಮೇಷ್ಟ್ರ ಕಣ್ಣು ಮಂಜಾಯಿತು. ಏನೋ ಹೇಳಲು ಬಾಯಿ ತೆರೆದರು.

"ಆದ್ರೆ ಈ ಮೆಷಿನ್," ಎಂದರು ಓನರಮ್ಮ.

"ಅಮ್ಮಾ?"

"ನಾನು ಮನೆ ಕೊಟ್ಟಿದ್ದು ಸಂಸಾರಕ್ಕೆ ಮೇಷ್ಟ್ರೇ, ಬಟ್ಟೆ ಕಾರ್ಖಾನೆಗಲ್ಲ. ಬೆಳಿಗ್ಗೆಯಿಂದ ನನ್ನ ತಲೆ ಮೇಲೆ ಟಕಟಕ ಟಕಟಕ! ಕಪಾಟಿನ ಗಾಜೆಲ್ಲ ಹಲ್ಲು ಕಡೀತಿದೆ. ಟೀ ಲೋಟದೊಳಗೆ ಸುಣ್ಣ ಉದುರ್ತು. ಮೇಜಿನ ಮೇಲಿಟ್ಟ ಕನ್ನಡಕ ತಾನೇ ನಡ್ಕೊಂಡು ಹೋಗಿ ಕೆಳಗೆ ಬಿತ್ತು! ಅದರ ಮುಂದೆ ನಾಯಿ ಕೂಗೋದು ಜೋಗುಳ. ಮೊದಲು ಆ ಕಾಲು ನಿಲ್ಲಿಸಿ."

"ಅಮ್ಮಾ, ದಯವಿಟ್ಟು ಕೇಳಿ. ನಾಯಿ ಸುಮ್ಮನಿರೋದೇ ಈ ಮೆಷಿನ್ನಿಂದ. ಇದು ನಿಂತ್ರೆ ಅವನು..."

"ನೋಡಿ, ಮಾಡೋದೆಲ್ಲ ಮಾಡಿ ಬಾಯಿಲ್ಲದ ಪ್ರಾಣಿ ಮೇಲೆ ಹಾಕ್ಬೇಡಿ!" ಓನರಮ್ಮ ಕೆರಳಿದರು. "ಮಲಗಿರೋ ನಾಯಿ ಏನ್ ಮಾಡಿತ್ತು ನಿಮಗೆ? ನೀವೇ ಹೇಳಿ, ಇವರ ಮೆಷಿನ್ ಸದ್ದು ಬೀದಿಗೆಲ್ಲ ಕೇಳಿಸ್ಲಿಲ್ವಾ?"

"ನಮ್ಮ ಮನೇವರೆಗೂ ಕೇಳಿಸ್ತಮ್ಮಾ," ಎಂದ ಇನ್ಶೂರೆನ್ಸ್, ಬಾಯಿ ಮುಚ್ಚಿದ ಪ್ಯಾಂಟನ್ನು ಎದೆಗೆ ಅವಚಿಕೊಂಡು.

"ಬರೀ ಸದ್ದಾ? ಅನಾಹುತ!" ಎಂದರು ದೊಡ್ಡಮ್ಮ.

"ನಾಳೆ ಅಂತ ಬೇಡ. ಈಗ್ಲೇ ಇದು ಕೆಳಗೆ ಹೋಗಲಿ, ಮೆಟ್ಟಿಲ ಕೆಳಗಿನ ಕೋಣೆಗೆ. ಬೀಗ ನಾನೇ ಹಾಕ್ತೀನಿ. ಇನ್ಶೂರೆನ್ಸೂ, ಒಂದು ಕಡೆ ಹಿಡಿಯಪ್ಪಾ."

ಇನ್ಶೂರೆನ್ಸ್‌ಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. ಅವನು ಮುಂದಿನ ಕಡೆ ಎತ್ತಿದ. ಹಿಂದಿನ ಕಡೆ ಎತ್ತಲು ಯಾರನ್ನೂ ಕರೆಯಬೇಕಾಗಿರಲಿಲ್ಲ. ಮೇಷ್ಟ್ರು ಆಗಲೇ ಅದಕ್ಕೆ ಅಂಟಿಕೊಂಡಿದ್ದರು. ಕತ್ತರಿ ಎಲ್ಲಿ ಎಂದು ನೋಡಿದರು, ಬಾಬಿನ್ ಹೊಟ್ಟೆಯ ಕೆಳಗಿತ್ತು. ಶರ್ಟು ಬಿಚ್ಚೋಣವೆಂದರೆ ಎದುರಿಗೆ ಓನರಮ್ಮ. ಬೇರೆ ದಾರಿಯಿಲ್ಲದೆ ಒಂದು ತೋಳನ್ನು ಮೆಷಿನ್ನಿಗೆ ಕೊಟ್ಟು, ಇನ್ನೊಂದರಲ್ಲಿ ಅದರ ಕಬ್ಬಿಣದ ಕಾಲು ಹಿಡಿದು, ಒಂದೊಂದೇ ಮೆಟ್ಟಿಲು ಇಳಿಯತೊಡಗಿದರು. ಮುಂದೆ ಓನರಮ್ಮ ಬೀಗದ ಕೈ ಹಿಡಿದು ನಡೆದರು. ಹಿಂದೆ ದೊಡ್ಡಮ್ಮ, "ನಿಧಾನ, ನಿಧಾನ," ಎನ್ನುತ್ತಾ ಬಂದರು.

ಕೆಳಗೆ ಗೇಟು ಕಿರ್ರೆಂದಿತು. ಹೆಂಡತಿ ಕೆಲಸ ಮುಗಿಸಿ ಬಂದಿದ್ದಳು. ಮೆರವಣಿಗೆ ನೋಡಿ ಅವಳ ಕೈಯಲ್ಲಿದ್ದ ಊಟದ ಡಬ್ಬಿ ಕೆಳಗೆ ಬಿತ್ತು.

"ರೀ! ನನ್ನ ಮೆಷಿನ್! ಬಾಬಿನ್ ಎಲ್ಲಿ?"

"ನಾಯಿ ಇಲ್ಲೇ ಇರುತ್ತಮ್ಮಾ," ಎಂದು ಓನರಮ್ಮ ನಗುಮುಖದಿಂದ ಹೇಳಿದರು. "ಇನ್ನು ನಿನಗೂ ನೆಮ್ಮದಿ, ನನಗೂ ನೆಮ್ಮದಿ. ಎಷ್ಟು ನಿಶ್ಶಬ್ದವಾಗಿದೆ ನೋಡು!"

ನಿಜಕ್ಕೂ ನಿಶ್ಶಬ್ದವಾಗಿತ್ತು. ಮೇಷ್ಟ್ರು ತಲೆ ಎತ್ತಿ ನೋಡಿದರು. ಮೆಟ್ಟಿಲ ತುದಿಯಲ್ಲಿ ಬಾಬಿನ್ ಬಂದು ಕೂತಿದ್ದ. ಮೊದಲು ಮೆಷಿನ್ನನ್ನು ನೋಡಿದ, ಆಮೇಲೆ ಮೇಷ್ಟ್ರನ್ನು. ನಿಧಾನವಾಗಿ ಕತ್ತು ಚಾಚಿ, ಎದೆ ತುಂಬ ಉಸಿರೆಳೆದುಕೊಳ್ಳತೊಡಗಿದ.

ಓನರಮ್ಮ ಮಾತಿಗೆ ತಪ್ಪುವವರಲ್ಲ. ಆದರೆ ಕೂಗು ಕೇಳಿದ ಮೇಲೂ ಅದೇ ಮಾತು ನಿಲ್ಲುತ್ತದೆಂದು ಯಾರು ಹೇಳಬಲ್ಲರು? ಮೇಷ್ಟ್ರು ಯೋಚಿಸಲಿಲ್ಲ. ನಡುಮೆಟ್ಟಿಲಲ್ಲಿ ನಿಂತು, ಬಲಗಾಲಿನಿಂದ ಕಲ್ಲನ್ನು ಧಡಧಡ ಕುಟ್ಟುತ್ತಾ, ಬಾಯಿ ಅಗಲಿಸಿ ಗಟ್ಟಿಯಾಗಿ ಶುರು ಮಾಡಿದರು.

"ಟಕಟಕಟಕಟಕಟಕಟಕ..."

ಬಾಬಿನ್ ಉಸಿರನ್ನು ಅಲ್ಲಿಗೇ ನಿಲ್ಲಿಸಿದ. ಒಂದು ಕಿವಿ ಓರೆ ಮಾಡಿ ಪರೀಕ್ಷಿಸಿದ. ಪರವಾಗಿಲ್ಲ ಅನ್ನಿಸಿರಬೇಕು, ಮೆಲ್ಲಗೆ ಗದ್ದವನ್ನು ಮೆಟ್ಟಿಲಿನ ಅಂಚಿಗೆ ಒತ್ತಿ ಕಣ್ಣು ಮುಚ್ಚಿದ.

ಓನರಮ್ಮ ಬೀಗದ ಕೈ ಹಿಡಿದುಕೊಂಡೇ ಎರಡು ಹೆಜ್ಜೆ ಹಿಂದೆ ಸರಿದರು. ದೊಡ್ಡಮ್ಮ ಬಾಯಿಗೆ ಕೈ ಇಟ್ಟುಕೊಂಡರು. ಇನ್ಶೂರೆನ್ಸ್ ತನ್ನ ಕಡೆಯ ಭಾರವನ್ನು ಕೆಳಗಿಟ್ಟು, ಇಂಥವರಿಗೆ ಯಾವ ಪಾಲಿಸಿ ಕೊಡಬಹುದು ಎಂದು ಯೋಚಿಸುವವನಂತೆ ನಿಂತ.

"ರೀ," ಎಂದಳು ಹೆಂಡತಿ, ಮೆಟ್ಟಿಲ ಬುಡಕ್ಕೆ ಬಂದು, ಹೆದರಿದ ದನಿಯಲ್ಲಿ. "ಏನ್ರೀ ಆಗ್ತಿದೆ ನಿಮಗೆ? ಮಾತಾಡ್ರೀ!"

ಮೇಷ್ಟ್ರಿಗೆ ಹೇಳಬೇಕಾದದ್ದು ಬಹಳವಿತ್ತು. ಆದರೆ ಬಾಯಿಗೆ ಬಿಡುವಿರಲಿಲ್ಲ.